ಗುಲಾಬಿ ಪೆಟ್ಟಿಗೆಯ ಬೆಲೆ ಕೇಳಿದವರು

ಮದುವೆಯಾಗಿ ಕಣಿವೆಯೂರು ಮಾರ್ಗಿಲಾನಿನ ಈ ಮನೆಗೆ ಬಂದಾಗಿನಿಂದ ಮುಹಯ್ಯೊಳನ್ನು ಯಾರೂ ಒಂದು ಮಾತಿಗೂ ಸಲಹೆ ಕೇಳಿದ್ದಿಲ್ಲ. ಕೊಡುವವರಿಗೆ ಮಾತ್ರ ಬರವಿರಲಿಲ್ಲ. ಅಂಗಳವನ್ನು ಯಾವ ಮೂಲೆಯಿಂದ ಗುಡಿಸಬೇಕು, ಪಲಾವಿನ ಕ್ಯಾರೆಟ್ಟನ್ನು ಎಷ್ಟು ತೆಳ್ಳಗೆ ಹೆಚ್ಚಬೇಕು, ಅತಿಥಿಗೆ ಚಹಾ ಬಟ್ಟಲನ್ನು ಎಷ್ಟು ಕಡಿಮೆ ತುಂಬಬೇಕು (ತುಂಬಿಸಿ ಕೊಟ್ಟರೆ "ಕುಡಿದು ಹೊರಡಿ" ಎಂದ ಹಾಗೆ!), ಸೀನು ಬಂದರೆ ಯಾವ ಕಡೆ ತಿರುಗಬೇಕು, ಎಲ್ಲಕ್ಕೂ ಅತ್ತೆ ಸನೋಬರ್ ಅವರ ಬಳಿ ಸಲಹೆ ಸಿದ್ಧವಾಗಿರುತ್ತಿತ್ತು. ಉಳಿದ ಚೂರುಪಾರು ಸಲಹೆಗಳನ್ನು ಓಣಿಯ ಹೆಂಗಸರು ಪೂರೈಸುತ್ತಿದ್ದರು.

ಹೀಗಿರುವಾಗ ಒಂದು ಮಂಗಳವಾರ ಅವಳ ಶಾಲೆಯ ಗೆಳತಿ ನಿಗೋರಾ ಎತ್ತರದ ಹಿಮ್ಮಡಿಯ ಚಪ್ಪಲಿ ಟಕಟಕಿಸುತ್ತ ಬಂದು, "ನೀನು ಸಲಹೆಗಾರ್ತಿ ಆಗ್ತೀಯೇನೇ?" ಎಂದು ಕೇಳಿದಳು. ಮುಹಯ್ಯೊ ಹಿಂದೆ ತಿರುಗಿ ನೋಡಿದಳು. ತನ್ನ ಬೆನ್ನ ಹಿಂದೆ ಯಾರೋ ನಿಂತಿರಬೇಕು ಎಂದುಕೊಂಡಳು.

"ನಿನ್ನನ್ನೇ ಕಣೇ ಕೇಳಿದ್ದು! ಸೌಂದರ್ಯ ಸಲಹೆಗಾರ್ತಿ. ನಮ್ಮ ಗುಲ್‌ರುಹ್ ಕಂಪನಿಗೆ. ಅಂಗಡಿ ಬೇಡ, ಮುಂಗಟ್ಟು ಬೇಡ. ಹೆಂಗಸರ ಮುಖ ನೋಡೋದು, ಒಪ್ಪೋ ಬಣ್ಣ ಹಚ್ಚೋದು, ಮಾರೋದು. ಶಾಲೆ ದಿನಗಳಲ್ಲಿ ನಮ್ಮ ಬೀದಿ ಮದುವಣಗಿತ್ತಿಯರೆಲ್ಲ ನಿನ್ನ ಮುಂದೆ ಮುಖ ಹಿಡ್ಕೊಂಡು ಸಾಲಾಗಿ ಕೂರ್ತಿದ್ದದ್ದು ಮರ್ತುಹೋಯ್ತಾ?"

ನಿಗೋರಾ ಒಂದು ಗುಲಾಬಿ ಬಣ್ಣದ ಪೆಟ್ಟಿಗೆಯನ್ನು ಅಡುಗೆಮನೆಯ ಕಟ್ಟೆಯ ಮೇಲೆ, ಈರುಳ್ಳಿ ರಾಶಿಯ ಪಕ್ಕಕ್ಕೆ ಇಟ್ಟಳು. "ಶನಿವಾರ ಸಂಜೆ ಬರ್ತೀನಿ. ಹೂಂ ಅಂದ್ರೆ ಪೆಟ್ಟಿಗೆ ನಿನ್ನದು. ಊಹೂಂ ಅಂದ್ರೆ ತಗೊಂಡು ಹೋಗ್ತೀನಿ. ಆಮೇಲೆ ಕೇಳೋಕೆ ಬರಲ್ಲ, ಇದಕ್ಕೆ ಕಾದು ಕೂತವರು ಇದಾರೆ."

ಅವಳು ಹೋದ ಮೇಲೆ ಮುಹಯ್ಯೊ ಕೈ ತೊಳೆದುಕೊಂಡು, ಮತ್ತೊಮ್ಮೆ ತೊಳೆದುಕೊಂಡು ಪೆಟ್ಟಿಗೆ ತೆರೆದಳು. ಒಳಗೆ ತುಟಿಬಣ್ಣಗಳು ಮಾಗಿದ ಚೆರ್ರಿಯಿಂದ ಹಿಡಿದು ಸಂಜೆಮೋಡದವರೆಗೆ ಸಾಲಾಗಿ ಮಲಗಿದ್ದವು. ಅಂಗೈಯಷ್ಟು ಡಬ್ಬಿಗಳಲ್ಲಿ ಬೆಳ್ಳನೆಯ ಕ್ರೀಮು, ಮೊದಲ ಹಿಮದ ಹಾಗೆ, ಯಾರೂ ಹೆಜ್ಜೆಯಿಟ್ಟಿರಲಿಲ್ಲ. ಅವಳ ಬೆರಳ ತುದಿಗಳು ಜುಮ್ಮೆಂದವು. ಬಹಳ ಹೊತ್ತು ಮಡಿಸಿ ಕೂತ ಕಾಲನ್ನು ಬಿಡಿಸಿದಾಗ ಆಗುತ್ತದಲ್ಲ, ಹಾಗೆ. ತನಗೂ ಇಂಥ ಬೆರಳುಗಳಿದ್ದವು ಎನ್ನುವುದನ್ನು ಅವಳು ಇಷ್ಟು ವರ್ಷ ಚಾಕುವಿಗೂ ಪೊರಕೆಗೂ ಒತ್ತೆಯಿಟ್ಟು ಮರೆತೇಬಿಟ್ಟಿದ್ದಳು. ಈ ಪೆಟ್ಟಿಗೆ ತನಗೆ ಬೇಕು ಎನ್ನಿಸಿತು. ಎಷ್ಟು ಬೇಕೆನ್ನಿಸಿತೆಂದರೆ, ಗಾಬರಿಯಾಗಿ ಮುಚ್ಚಳ ಹಾಕಿಬಿಟ್ಟಳು.

ಆದರೆ ಸಲಹೆಗಾರ್ತಿಯಾಗುವುದಕ್ಕೆ ಮೊದಲು ಸಲಹೆ ಕೇಳಬೇಕಲ್ಲ.

ಗಂಡ ಅಸ್ಕರ್‌ಜಾನ್ ಬಾಡಿಗೆ ವ್ಯಾನು ಓಡಿಸುವವನು. ಊರಿನ ಯಾವ ಅಡ್ಡದಾರಿಯನ್ನು ಕೇಳಿದರೂ ಥಟ್ಟನೆ ಹೇಳುತ್ತಾನೆ. ಮನೆಯೊಳಗಿನ ಪ್ರಶ್ನೆಗಳಿಗೆ ಮಾತ್ರ ಅವನಿಗೆ ಗೊತ್ತಿರುವುದು ಒಂದೇ ದಾರಿ.

"ಅಮ್ಮನ್ನ ಕೇಳು."

ಮುಹಯ್ಯೊ ಅತ್ತೆಯನ್ನು ಕೇಳಿದಳು. ಅತ್ತೆ ಜರ್ದಾಳು ಮರದ ಕೆಳಗಿನ ಜಗಲಿಯಲ್ಲಿ ಕೂತು ಉಸ್ಮಾ ಸೊಪ್ಪನ್ನು ಅಂಗೈಯಲ್ಲಿ ಹಿಸುಕಿ, ಕಡ್ಡಿಗೆ ಹತ್ತಿ ಸುತ್ತಿ, ಹಸಿರು ರಸವನ್ನು ಹುಬ್ಬಿಗೆ ಎಳೆದುಕೊಳ್ಳುತ್ತಿದ್ದರು. ಅದು ಒಣಗಿ ಕಪ್ಪಾಗುವವರೆಗೆ ಮುಖ ಅಲುಗಿಸುವಂತಿಲ್ಲವಾದ್ದರಿಂದ ತುಟಿಯಂಚಿನಲ್ಲೇ ಉತ್ತರ ಬಂತು. "ಗಂಡನ್ನ ಕೇಳು."

ಹೀಗೆ ಬುಧವಾರವೆಲ್ಲ ಮುಹಯ್ಯೊ ಇಬ್ಬರು ಆಟಗಾರರ ನಡುವಿನ ಚೆಂಡಾದಳು. ಗುರುವಾರದ ಊಟದ ಹೊತ್ತಿಗೆ ಇಬ್ಬರನ್ನೂ ಊಟಕ್ಕೆ ಹಾಸಿದ ಒಂದೇ ದಸ್ತರ್ಖಾನಿನ ಮುಂದೆ ಕೂರಿಸಿ, ಬಿಸಿ ರೊಟ್ಟಿ ಮುರಿದಿಟ್ಟು, ಮತ್ತೆ ಕೇಳಿದಳು.

"ಅವನಿಗೆ ಇಷ್ಟ ಇಲ್ಲ," ಎಂದರು ಅತ್ತೆ.

"ನಾನೆಲ್ಲಿ ಇಷ್ಟ ಇಲ್ಲ ಅಂದೆ?" ಎಂದ ಅಸ್ಕರ್‌ಜಾನ್.

"ಹಾಗಾದ್ರೆ ಇಷ್ಟ ಇದೆ ಅಂದ್ಯಾ?"

"ನಾನೆಲ್ಲಿ ಇಷ್ಟ ಇದೆ ಅಂದೆ?"

"ನೋಡು ಸೊಸೆ, ಮನೆ ಯಜಮಾನನ ಮಾತು ಅಂದ್ರೆ ಹೀಗೆ ಖಡಾಖಂಡಿತವಾಗಿರಬೇಕು." ಅತ್ತೆ ಬಟ್ಟಲು ಕೆಳಗಿಟ್ಟರು. "ಈಗ ನನ್ನ ಮಾತು ಕೇಳು. ಈ ಮನೆ ಸೊಸೆ ಪೆಟ್ಟಿಗೆ ಹೊತ್ಕೊಂಡು ಮನೆ ಮನೆ ಬಾಗಿಲು ತಟ್ಟೋದಾ? ನಮ್ಮ ಹೆಂಗಸರಿಗೆ ಉಸ್ಮಾ ಇದೆ, ಮೊಸರಿನ ಕೆನೆ ಇದೆ, ದೇವರು ಕೊಟ್ಟ ಮುಖ ಇದೆ. ನಿನ್ನ ಡಬ್ಬಿ ಯಾರಿಗೆ ಬೇಕು?"

"ಬೇಕಾದವರೂ ಇರಬಹುದಲ್ವಾ, ಒಯಿಜಾನ್," ಎಂದಳು ಮುಹಯ್ಯೊ. ಒಯಿಜಾನ್ ಎಂದರೆ ಅಮ್ಮಾ ಎಂದೇ ಅರ್ಥ. ಆದರೂ ಆ ಮನೆಯಲ್ಲಿ ಅದರ ಹಿಂದೆ 'ಅಲ್ವಾ' ಸೇರಿಸಿ ಯಾರೂ ಮಾತಾಡಿದ್ದಿರಲಿಲ್ಲ. ಅಸ್ಕರ್‌ಜಾನನ ಬಾಯಲ್ಲಿದ್ದ ರೊಟ್ಟಿ ಅಲ್ಲೇ ನಿಂತಿತು.

ಅತ್ತೆ ಸೊಸೆಯ ಮುಖವನ್ನೇ ನೋಡಿದರು. ಆಮೇಲೆ ನಕ್ಕರು. ಆ ನಗು ಅಸ್ಕರ್‌ಜಾನನಿಗೆ ಚೆನ್ನಾಗಿ ಗೊತ್ತು. ಅವನು ರೊಟ್ಟಿ ನುಂಗಿಕೊಂಡ.

"ಸರಿ. ನಾಳೆ ಗಪ್ ನಮ್ಮನೇಲೇ ಇದೆ. ಪೆಟ್ಟಿಗೆ ತೆಗೆದು ಇಡು, ನಾನು ಬೇಡ ಅನ್ನಲ್ಲ. ಬಂದವರಲ್ಲಿ ಒಬ್ಬಳು, ಒಬ್ಬಳೇ ಒಬ್ಬಳು, ತಾನಾಗಿ ಬಾಯಿಬಿಟ್ಟು 'ಇದರ ಬೆಲೆ ಎಷ್ಟು' ಅಂತ ಕೇಳಲಿ. ನಾನೇ ಆ ಪೆಟ್ಟಿಗೆ ಹೊತ್ಕೊಂಡು ನಿನ್ನ ಜೊತೆ ಓಣಿ ತಿರುಗ್ತೀನಿ. ಯಾರೂ ಕೇಳ್ಲಿಲ್ವಾ, ಪೆಟ್ಟಿಗೆ ವಾಪಸು, ಮಾತು ಮುಗೀತು."

"ಆಗಲಿ!" ಎಂದಳು ಮುಹಯ್ಯೊ, ಯೋಚಿಸದೆ.

ಪಾತ್ರೆ ತೊಳೆಯುವಾಗ ಅಸ್ಕರ್‌ಜಾನ್ ಮೆಲ್ಲಗೆ ಬಂದು ನಿಂತ. "ಅಲ್ವೇ, ನಮ್ಮ ಕಣಿವೇಲಿ ಇನ್ನೊಬ್ಬರ ಮನೆಗೆ ಅತಿಥಿಯಾಗಿ ಬಂದು, ಅಲ್ಲಿರೋ ವಸ್ತುವಿನ ಬೆಲೆ ಕೇಳಿದ ಹೆಂಗಸನ್ನ ನೀನು ಎಲ್ಲಾದ್ರೂ ನೋಡಿದೀಯಾ?"

ಮುಹಯ್ಯೊಳ ಕೈಯಿಂದ ತಟ್ಟೆ ಜಾರಿತು.

ಗಪ್ ಎಂದರೆ ಹೆಂಗಸರು ಸರದಿಯಂತೆ ಒಬ್ಬೊಬ್ಬರ ಮನೆಯಲ್ಲಿ ಸೇರುವ ಕೂಟ. ಹೆಸರು ಗಪ್, ಆದರೆ ಗಪ್ಪಾಗಿ ಕೂರುವವರು ಒಬ್ಬರೂ ಇರುವುದಿಲ್ಲ. ಶುಕ್ರವಾರ ಮಧ್ಯಾಹ್ನ ಜಗಲಿಯ ಮೇಲೆ ಪಟ್ಟೆಪಟ್ಟೆ ರೇಷ್ಮೆಗಳು ಸರಸರ ಎನ್ನುತ್ತಿದ್ದವು, ಪಲಾವು ಬೆಟ್ಟದ ಹಾಗೆ ಬಂದು ಬಯಲಿನ ಹಾಗೆ ಖಾಲಿಯಾಯಿತು. ಚಹಾದ ಹೊತ್ತಿಗೆ ಮುಹಯ್ಯೊ ಪೆಟ್ಟಿಗೆ ತೆರೆದಿಟ್ಟಳು.

ಮೂಲೆಯಲ್ಲಿ ರೋಹತ್ ಹೋಲಾ ಕೂತಿದ್ದಳು. ಓಣಿಯ ಹೆಂಗಸರಲ್ಲೆಲ್ಲ ಹಿರಿಯಳು, ಹಾಗಾಗಿ ಎಲ್ಲರಿಗೂ ಹೋಲಾ, ಎಂದರೆ ದೊಡ್ಡಮ್ಮ. ಗಂಡ ತೀರಿಕೊಂಡ ಮೇಲೆ ಕನ್ನಡಿಗೆ ಬಟ್ಟೆ ಹೊದಿಸಿದವಳು ತೆಗೆದೇ ಇರಲಿಲ್ಲ. ಮುಹಯ್ಯೊಗೆ ಅದೇನು ತೋಚಿತೋ, ಅವಳ ಮುಂದೆ ಮಂಡಿಯೂರಿ ಕೂತು, "ಹೋಲಾ, ಒಂದು ಸಲ," ಎಂದಳು.

"ಅಯ್ಯೋ ಬಿಡೇ, ಒಣಗಿದ ಜರ್ದಾಳಿಗೆ ಬಣ್ಣ ಬಳಿದ್ರೆ ಮರಕ್ಕೆ ವಾಪಸು ಹೋಗುತ್ತಾ?"

ಮುಹಯ್ಯೊಳ ಬೆರಳುಗಳು ಆಗಲೇ ಕೆಲಸದಲ್ಲಿದ್ದವು. ಆ ಸುಕ್ಕುಗಳ ಮೇಲೆ ಅವು ಗೊತ್ತಿರುವ ಹಾದಿಯಲ್ಲಿ ನಡೆಯುವಂತೆ ನಡೆದವು. ಸಂಜೆಮೋಡದ ಬಣ್ಣ, ತೀರಾ ಸ್ವಲ್ಪ. ಕನ್ನಡಿ ಹಿಡಿದಾಗ ಮುದುಕಿ ನೋಡಿದಳು, ಅಂಗೈಯಿಂದ ಬಾಯಿ ಮುಚ್ಚಿಕೊಂಡು ಹುಡುಗಿಯ ಹಾಗೆ ನಕ್ಕಳು, ಆಮೇಲೆ ಬೆರಳ ಸಂದಿಯಿಂದ ಮತ್ತೆ ನೋಡಿದಳು.

"ಎಷ್ಟು ಚೆನ್ನಾಗಿದೆಯೇ, ಈ ಬಣ್ಣ!"

ಎಡವಟ್ಟಾದದ್ದು ಅಲ್ಲೇ. ಅತಿಥಿ ಮನೆಯ ವಸ್ತುವೊಂದನ್ನು ಹೊಗಳಿದರೆ ಸೊಸೆಯಾದವಳು ಏನು ಮಾಡಬೇಕೆಂಬುದನ್ನು ಸನೋಬರ್ ಅತ್ತೆ ಹದಿನಾಲ್ಕು ವರ್ಷ ತಿದ್ದಿ ತೀಡಿ ಕಲಿಸಿದ್ದರು. ಮುಹಯ್ಯೊಳ ಬಲಗೈ ತಾನಾಗಿ ಎದೆಯ ಮೇಲೆ ಹೋಯಿತು, ತಲೆ ತಾನಾಗಿ ಬಾಗಿತು, ಬಾಯಿ ತಾನಾಗಿ "ಒಲಿಂಗ್, ಹೋಲಾ! ತಗೊಳ್ಳಿ, ನಿಮ್ಮದೇ!" ಎಂದಿತು.

ಎದುರುಮನೆಯ ಲೋಬಾರ್ ಒಂದು ಕ್ರೀಮಿನ ಡಬ್ಬಿಯನ್ನು ಮೂಸಿ "ಆಹಾ!" ಎಂದಳು. "ಒಲಿಂಗ್!" ಇನ್ನೊಬ್ಬಳು "ಈ ಬಾಟಲಿ ನೋಡೋಕೇ ಎಷ್ಟು ಮುದ್ದಾಗಿದೆ" ಎಂದಳು. "ಒಲಿಂಗ್!" ಮತ್ತೊಬ್ಬಳು ಏನೂ ಅನ್ನಲಿಲ್ಲ, ಬರೀ ನಿಟ್ಟುಸಿರುಬಿಟ್ಟಳು. ಅದಕ್ಕೂ "ಒಲಿಂಗ್!" ನಿಲ್ಲಿಸಬೇಕೆಂದು ಮನಸ್ಸು ಅರಚುತ್ತಿತ್ತು, ನಾಲಿಗೆ ಹೋಟೆಲಿನ ಮಾಣಿಯಂತೆ ಬಡಿಸುತ್ತಲೇ ಇತ್ತು. ಸನೋಬರ್ ಅತ್ತೆ ದಿಂಬಿಗೊರಗಿ, ದಿಗ್ವಿಜಯ ಮುಗಿಸಿದ ಚಕ್ರವರ್ತಿನಿಯ ಗತ್ತಿನಲ್ಲಿ ಚಹಾ ಹೀರುತ್ತಿದ್ದರು.

ಸಂಜೆ ಅಸ್ಕರ್‌ಜಾನ್ ಬಂದವನೇ ಪೆಟ್ಟಿಗೆ ನೋಡಿದ.

"ಖಾಲಿ!"

"ಖಾಲಿ," ಎಂದಳು ಮುಹಯ್ಯೊ.

"ಶಭಾಷ್! ಎಲ್ಲಾ ಮಾರಿಬಿಟ್ಯಾ?"

"ಎಲ್ಲಾ ಕೊಟ್ಟುಬಿಟ್ಟೆ."

ಅಸ್ಕರ್‌ಜಾನ್ ಮುಚ್ಚಳ ಮೆಲ್ಲಗೆ ಮುಚ್ಚಿ, "ಪೆಟ್ಟಿಗೆ ಯಾರೂ ಹೊಗಳಲಿಲ್ಲ, ಪುಣ್ಯ," ಎಂದ.

ಶನಿವಾರ ಬೆಳಗ್ಗೆ ಮುಹಯ್ಯೊ ಅಂಗಳ ಗುಡಿಸುತ್ತಿದ್ದಳು, ಸರಿಯಾದ ಮೂಲೆಯಿಂದಲೇ. ಸಂಜೆ ನಿಗೋರಾಳ ಮುಖ ಹೇಗೆ ನೋಡುವುದು ಎಂಬ ಸಂಕಟ ಒಂದು. ಅದಕ್ಕಿಂತ ದೊಡ್ಡದು, ಬೆರಳ ತುದಿಯ ಜುಮ್ಮು ಇನ್ನೂ ಆರಿರಲಿಲ್ಲ ಎನ್ನುವುದು. ಅಷ್ಟರಲ್ಲಿ ಬಾಗಿಲು ತಟ್ಟಿದ ಸದ್ದಾಯಿತು. ಲೋಬಾರ್ ಬಟ್ಟೆ ಮುಚ್ಚಿದ ತಟ್ಟೆ ಹಿಡಿದು ನಿಂತಿದ್ದಳು.

"ಒಳಗೆ ಬಾರೇ."

"ಒಳಗೆ ಬರಲ್ಲ. ಒಂದು ಮಾತು ಕೇಳಬೇಕಿತ್ತು." ಲೋಬಾರ್ ಪಿಸುದನಿಗಿಳಿದಳು. "ನಿನ್ನೆ ಕೊಟ್ಯಲ್ಲ, ಆ ಕ್ರೀಮು... ಬೆಲೆ ಎಷ್ಟೇ?"

ಮುಹಯ್ಯೊಳ ಕೈಯ ಪೊರಕೆ ನೆಟ್ಟಗೆ ನಿಂತಿತು. "ಅಯ್ಯೋ, ಅದು ಉಡುಗೊರೆ ಕಣೇ!"

"ಉಡುಗೊರೆ ಅಂತಲೇ ಕೇಳ್ತಿರೋದು! ಕೊಟ್ಟಿದ್ದಕ್ಕಿಂತ ಕಮ್ಮಿ ವಾಪಸು ಕೊಟ್ರೆ ನನ್ನ ಮರ್ಯಾದೆ ಏನಾಗಬೇಕು? ರಾತ್ರಿಯೆಲ್ಲಾ ನಿದ್ದೆ ಇಲ್ಲ. ಒಂದು ತಟ್ಟೆ ಸಂಸಾ ಸಾಕಾಗುತ್ತಾ, ಹುಂಜ ಹಿಡೀಬೇಕಾ, ಅದನ್ನಾದ್ರೂ ಹೇಳು ಮಾರಾಯ್ತಿ!"

ಜಗಲಿಯ ಮೇಲೆ ಅತ್ತೆಯ ಚಹಾ ಬಟ್ಟಲು ತುಟಿಯ ಹತ್ತಿರ ಹೋಗುತ್ತಿದ್ದದ್ದು ನಡುದಾರಿಯಲ್ಲೇ ನಿಂತಿತು.

"ಲೋಬಾರ್! ನಾಚಿಕೆ ಆಗಲ್ವಾ? ಮನೆಗೆ ಬಂದು ಬೆಲೆ ಕೇಳ್ತೀಯಾ?"

"ಮನೆಗೆಲ್ಲಿ ಬಂದೆ, ಸನೋಬರ್ ಒಪಾ? ನೋಡಿ, ಹೊಸಿಲಾಚೆ ನಿಂತಿದೀನಿ. ಹೊಸಿಲಾಚೆ ನಿಂತವಳು ಅತಿಥಿ ಅಲ್ಲ."

ಓಣಿಗೆಲ್ಲ ಒಪಾ, ಎಂದರೆ ಅಕ್ಕ, ಆದ ಸನೋಬರ್ ಅತ್ತೆ ಬಟ್ಟಲನ್ನು ಕುಡಿಯದೆಯೇ ಕೆಳಗಿಟ್ಟರು.

ಆಮೇಲೆ ಬಾಗಿಲು ತಟ್ಟುವ ಸದ್ದು ನಿಲ್ಲಲೇ ಇಲ್ಲ. ಓಣಿಯ ಹಿಪ್ಪುನೇರಳೆ ಮರಗಳ ನೆರಳಲ್ಲಿ ಹೆಂಗಸರು ಒಬ್ಬರಿಗೊಬ್ಬರು ಕಾಣದಂತೆ ಬಂದು, ಒಬ್ಬರಿಗೊಬ್ಬರು ಡಿಕ್ಕಿ ಹೊಡೆದು, ಹೊಸಿಲಾಚೆ ನಿಂತು ಅದದೇ ಮಾತು ಕೇಳಿದರು. ಅಡುಗೆಮನೆಯಲ್ಲಿ ಒಲೆಯಲ್ಲಿ ಸುಟ್ಟ ಸಮೋಸಾದಂಥ ಸಂಸಾ ರಾಶಿಬಿತ್ತು, ಒಣದ್ರಾಕ್ಷಿ ರಾಶಿಬಿತ್ತು, ಮುರಬ್ಬದ ಭರಣಿಗಳು ಸಾಲುಗಟ್ಟಿದವು. ನಿಟ್ಟುಸಿರುಬಿಟ್ಟಿದ್ದವಳು ನಿಜಕ್ಕೂ ಹುಂಜವನ್ನೇ ತಂದಿದ್ದಳು. ಅದು ಜರ್ದಾಳು ಮರ ಹತ್ತಿ ಕೂತು ಅತ್ತೆಯನ್ನು ನೋಡಿ ನೋಡಿ ಕೂಗುತ್ತಿತ್ತು. ಪ್ರತಿ ಸಲ "ಬೆಲೆ ಎಷ್ಟು" ಕೇಳಿಸಿದಾಗಲೂ ಅತ್ತೆ ಇಷ್ಟಿಷ್ಟೇ ಕುಗ್ಗಿ ದಿಂಬಿನೊಳಗೆ ಇಳಿಯುತ್ತಿದ್ದರು. ಅಸ್ಕರ್‌ಜಾನ್ ಮಾತ್ರ ಬಾಡಿಗೆಗೂ ಹೋಗದೆ, ಎರಡೂ ಕೈಯಲ್ಲಿ ಸಂಸಾ ಹಿಡಿದು, "ನಾನು ಮೊದಲಿಂದಲೂ ಬೇಕು ಅಂತಲೇ ಇದ್ದೆ," ಎನ್ನುತ್ತಿದ್ದ.

ಕೊನೆಗೆ ಬಂದವಳು ರೋಹತ್ ಹೋಲಾ. ತುಟಿಯ ಮೇಲೆ ಸಂಜೆಮೋಡ ಸ್ವಲ್ಪ ವಕ್ರವಾಗಿ ತೇಲುತ್ತಿತ್ತು. ಕರವಸ್ತ್ರದ ಗಂಟಿನಿಂದ ಅಕ್ರೋಟು ಸುರಿದು ಹೇಳಿದಳು: "ಇದು ನೀನು ಕೊಟ್ಟಿದ್ದಕ್ಕೆ. ಈಗ ಇನ್ನೊಂದು ತರಿಸು, ನನ್ನ ತಂಗಿಗೆ. ಕನ್ನಡಿ ಮೇಲಿನ ಬಟ್ಟೆ ತೆಗೆದೆ ಅಂದ್ರೆ ನಂಬ್ತಾ ಇಲ್ಲ ಅವಳು. ಈ ಸಲ ಮಾತ್ರ ದುಡ್ಡು ತಗೋ ಮಗಳೇ. ಹೀಗೇ ಒಲಿಂಗ್ ಒಲಿಂಗ್ ಅಂತಿದ್ರೆ ನಮ್ಮ ಮರದಲ್ಲಿ ಅಕ್ರೋಟು ಉಳಿಯಲ್ಲ."

"ನನಗೂ ಒಂದು!" ಎಂದು ಓಣಿಯಿಂದ ಒಂದು ದನಿ ಬಂತು. "ನನಗೆ ಚೆರ್ರಿ ಬಣ್ಣದ್ದು!" ಎಂದು ಮರದ ಮರೆಯಿಂದ ಇನ್ನೊಂದು.

ಸಂಜೆ ನಿಗೋರಾ ಬಂದಾಗ ಮುಹಯ್ಯೊ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟಳು. ಮುಚ್ಚಳ ತೆಗೆದರೆ ಜೀರಿಗೆ ಈರುಳ್ಳಿಯ ಘಮ. ತುಟಿಬಣ್ಣದ ಗೂಡುಗಳಲ್ಲಿ ಸಂಸಾಗಳು ಒತ್ತೊತ್ತಾಗಿ ಮಲಗಿದ್ದವು.

"ಏನೇ ಇದು?"

"ಖಾಲಿ ಪಾತ್ರೆ ವಾಪಸು ಕೊಡೋದು ಹೇಗೆ?" ಎಂದಳು ಮುಹಯ್ಯೊ. ಆಮೇಲೆ ಒಂದೇ ಉಸಿರಿನಲ್ಲಿ ನಡೆದದ್ದನ್ನೆಲ್ಲ ಹೇಳಿ, ಯಾರ್ಯಾರಿಗೆ ಏನೇನು ಬೇಕೆಂದು ಬೆರಳು ಮಡಿಸಿ ಒಪ್ಪಿಸಿದಳು. ಕೈಬೆರಳು ಸಾಲದೆ ಅಸ್ಕರ್‌ಜಾನನ ಬೆರಳುಗಳನ್ನೂ ಮಡಿಸಬೇಕಾಯಿತು. ನಿಗೋರಾ ನಕ್ಕು ನಕ್ಕು ಜಗಲಿಯ ಮೇಲೆ ಉರುಳಿದಳು.

"ಮೊದಲ ಪೆಟ್ಟಿಗೆ ಇರೋದೇ ಹಚ್ಚಿ ತೋರಿಸಿ ಹಂಚೋದಕ್ಕೆ ಕಣೇ, ಹುಚ್ಚಿ! ಆದ್ರೆ ಹೀಗೆ ಹಂಚಿ ಊರಿಗೂರನ್ನೇ ನಿದ್ದೆಗೆಡಿಸಿದವಳನ್ನ ನಾನು ನೋಡಿಲ್ಲ. ಈಗ ಹೇಳು, ಹೂಂ ಅಂತೀಯಾ, ಊಹೂಂ ಅಂತೀಯಾ?"

ಮುಹಯ್ಯೊ ಗಂಡನ ಕಡೆ ನೋಡಲಿಲ್ಲ. ಅತ್ತೆಯ ಕಡೆಯೂ ನೋಡಲಿಲ್ಲ. "ಹೂಂ," ಎಂದಳು.

ಸನೋಬರ್ ಅತ್ತೆ ಮಾತಿಗೆ ತಪ್ಪುವವರಲ್ಲ. ಹೊಸ ಪೆಟ್ಟಿಗೆ ಬಂದ ದಿನ ಮಖಮಲ್ಲಿನ ತೋಳಿಲ್ಲದ ಕೋಟು ತೊಟ್ಟು, ಹುಬ್ಬಿಗೆ ಉಸ್ಮಾ ತೀಡಿ, ಪೆಟ್ಟಿಗೆ ಎತ್ತಿಕೊಂಡು ಸೊಸೆಯ ಜೊತೆ ಓಣಿಗಿಳಿದರು. ಓಣಿಯ ತಿರುವಿನ ಹೊತ್ತಿಗೆ "ಭಾರ ಇದೆ, ಸ್ವಲ್ಪ ಹಿಡ್ಕೋ" ಎಂದರು. ಪೆಟ್ಟಿಗೆ ಮುಹಯ್ಯೊಳ ಕೈಗೆ ಬಂತು, ಅಲ್ಲೇ ಉಳಿಯಿತು. ಓಣಿ ಸುತ್ತಿ ಕೊನೆಗೆ ಲೋಬಾರಳ ಬಾಗಿಲು ತಟ್ಟಿದ್ದೂ ಅತ್ತೆಯೇ.

"ಒಳಗೆ ಬನ್ನಿ ಒಪಾ, ಚಹಾ..."

"ಒಳಗೆ ಕರೀಬೇಡ! ಒಳಗೆ ಬಂದ್ರೆ ಅತಿಥಿಯಾಗ್ತೀನಿ, ಆಮೇಲೆ ವ್ಯಾಪಾರ ಹೇಗೆ ಮಾಡ್ಲಿ? ಇಲ್ಲೇ ನಿಂತು ಹೇಳ್ತೀನಿ ಕೇಳು. ಹುಬ್ಬಿಗೆ ಬರೆಯೋ ಈ ಕಡ್ಡಿ ಕೊಳ್ಳಬೇಡ, ಉಸ್ಮಾ ಹಚ್ಚು. ಕ್ರೀಮು ಒಳ್ಳೇದು, ನಾನೇ ಹಚ್ಚಿ ನೋಡಿದೀನಿ." (ಯಾವಾಗ? ಮುಹಯ್ಯೊ ಕಣ್ಣರಳಿಸಿದಳು. ಅತ್ತೆಯ ಕೆನ್ನೆ ಈಚೆಗೆ ಹೊಳೆಯುವುದು ಮೊಸರಿನ ಕೆನೆಯಿಂದಲ್ಲ ಎನ್ನುವುದು ಈಗ ಹೊಳೆಯಿತು.) "ನೀನು ಸುಮ್ನಿರು ಸೊಸೆ, ನಾನು ಮಾತಾಡ್ತಿದೀನಿ."

"ಅದೆಲ್ಲ ಸರಿ ಒಪಾ," ಎಂದಳು ಲೋಬಾರ್. "ನನ್ನ ತುಟಿಗೆ ಯಾವ ಬಣ್ಣ ಒಪ್ಪುತ್ತೆ?"

ಅತ್ತೆ ಬಾಯಿ ತೆರೆದರು. ಬಣ್ಣಗಳ ಸಾಲನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದರು. ಬಾಯಿ ಮುಚ್ಚಿದರು. ಮತ್ತೆ ತೆರೆದು, ಲೋಬಾರಳಿಗೆ ಕೇಳಿಸದಷ್ಟು ಮೆಲ್ಲಗೆ, "ಏನೇ ಮುಹಯ್ಯೊ... ನೀನೇನಂತೀಯಾ?" ಎಂದರು.

ಮುಹಯ್ಯೊ ಅಭ್ಯಾಸದಂತೆ ಹಿಂದೆ ತಿರುಗಿ ನೋಡಿದಳು. ಯಾರೂ ಇರಲಿಲ್ಲ, ಹಿಪ್ಪುನೇರಳೆ ಎಲೆಗಳ ಮೇಲೆ ಬಿಸಿಲು ಆಡುತ್ತಿತ್ತು, ಅಷ್ಟೆ.

ಅವಳು ಮಾಗಿದ ಚೆರ್ರಿಯನ್ನು ಆರಿಸಿದಳು. ಎರಡೇ ಗೆರೆ ಎಳೆದು ಕನ್ನಡಿ ಹಿಡಿದಳು.

"ಅಬ್ಬಾ! ಎಷ್ಟು ಚೆನ್ನಾಗಿದೆಯೇ!" ಎಂದಳು ಲೋಬಾರ್.

ಮುಹಯ್ಯೊಳ ಕಣ್ಣು ತುಂಬಿ ಬಂತು. ಬಲಗೈ ಮೆಲ್ಲಗೆ ಎದೆಯ ಮೇಲೆ ಹೋಯಿತು, ತಲೆ ಬಾಗಿತು. "ಒಲಿ..."

ಪಕ್ಕೆಗೆ ಅತ್ತೆಯ ಮೊಣಕೈ ಬಂದು ಬಿತ್ತು.

"ಬೆಲೆ ಹೇಳೇ, ಬೆಲೆ!"