ಸರ್ವರ್‌ಗೆ ಸಂಜೆಜ್ವರ

ಎರಡನೇ ಲೋಟ ಕಾಫಿ ಮುಗಿಸಿ ವೇಣುಗೋಪಾಲ್ ಎದೆ ಸೆಟೆಸಿ ಘೋಷಿಸಿದ: "ಗಂಗಾ, ಬರೆದಿಟ್ಕೋ. ಇನ್ನು ನಾಲ್ಕೇ ದಿನ. ಈ ಕೋಲಾರದಲ್ಲಿ ಸ್ವಂತ ಸರ್ವರ್ ಇರೋ ಮನೆ ಅಂದ್ರೆ ನಮ್ಮದೇ."

ಹೆಂಡತಿ ಗಂಗಾಲಕ್ಷ್ಮಿ ದಂಟಿನ ಸೊಪ್ಪು ಬಿಡಿಸುತ್ತಿದ್ದಳು. ತಲೆ ಎತ್ತಲಿಲ್ಲ. "ಇದ್ರೆ ಏನಾಗುತ್ತೆ?"

"ನಮ್ಮ ವಂಶದ ಫೋಟೋ, ವಿಡಿಯೋ ಎಲ್ಲ ಒಂದೇ ಕಡೆ ಭದ್ರವಾಗಿರುತ್ತೆ. ಮಾಲೂರಲ್ಲಿ ನಿಮ್ಮಣ್ಣ, ಮುಳಬಾಗಿಲಲ್ಲಿ ನನ್ನ ತಂಗಿ, ಶ್ರೀನಿವಾಸಪುರದಲ್ಲಿ ನಿಮ್ಮಕ್ಕ, ಎಲ್ಲಾರೂ ಕೂತಲ್ಲೇ ನೋಡಬಹುದು."

"ಈಗಲೂ ಕೂತಲ್ಲೇ ಫೋನಲ್ಲಿ ನೋಡ್ತಾನೇ ಇದಾರಲ್ಲ."

ಇಂಥ ಮಾತಿಗೆಲ್ಲ ಕುಗ್ಗುವ ಜೀವ ಅದಲ್ಲ. ವೇಣುಗೋಪಾಲ್ ವೇಮಗಲ್‌ನ ಒಂದು ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಸ್ಟೋರ್ಸ್ ನೋಡಿಕೊಳ್ಳುತ್ತಿದ್ದ. ಅಲ್ಲಿ ಕಂಪ್ಯೂಟರುಗಳ ಉಸ್ತುವಾರಿ ಅರುಣ್‌ಕುಮಾರ್ ಎಂಬ ಯುವಕನದು. ಕಂಪ್ಯೂಟರ್ ಯಾಕೆ ಇಷ್ಟು ನಿಧಾನ ಎಂದು ಯಾವಾಗ ಕೇಳಿದರೂ ಅವನದು ಒಂದೇ ಉತ್ತರ: "ಅದು ಸರ್ವರ್ ವಿಷಯ ಸಾರ್, ನಿಮಗೆ ಅರ್ಥ ಆಗಲ್ಲ ಬಿಡಿ." ಆ 'ಬಿಡಿ' ವೇಣುಗೋಪಾಲನ ಎದೆಯಲ್ಲಿ ಮುಳ್ಳಾಗಿ ನಾಟಿತ್ತು. ಕಾರ್ಖಾನೆಯವರು ಹಳೆಯ ಕಂಪ್ಯೂಟರೊಂದನ್ನು ಹೊರಗೆ ಹಾಕಿದಾಗ ಕೇಳಿ ಪಡೆದು, ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಮನೆಗೆ ತಂದ.

"ಲಿನಕ್ಸ್ ಅನ್ನೋ ಸಾಫ್ಟ್‌ವೇರ್ ಹಾಕಿ ಸಾರ್," ಎಂದು ಅರುಣ್‌ಕುಮಾರನೇ ದಾರಿ ತೋರಿಸಿದ್ದ. "ಬಿಟ್ಟಿ ಸಿಗುತ್ತೆ, ಯಾರ್ ಬೇಕಾದ್ರೂ ಒಳಗೆಲ್ಲ ಬಿಚ್ಚಿ ನೋಡಬಹುದು. ಆದ್ರೆ ಒಂದು ಮಾತು. ಒಳ್ಳೇ ಅಡ್ಮಿನಿಸ್ಟ್ರೇಟರ್ ಆದೋನು ಸರ್ವರ್ ಹತ್ರ ಹೋಗೋದೇ ಇಲ್ಲ. ಎಲ್ಲಾ ದೂರದಿಂದಲೇ. ನಮ್ಮ ಸರ್ವರ್ ಮುಖ ನಾನು ನೋಡಿ ಎರಡು ವರ್ಷ ಆಯ್ತು."

ಈ ಮಾತನ್ನು ವೇಣುಗೋಪಾಲ್ ಗುರೂಪದೇಶದಂತೆ ಸ್ವೀಕರಿಸಿದ.

ನಾಲ್ಕು ದಿನ ಎಂದದ್ದು ನಾಲ್ಕು ಭಾನುವಾರಗಳಾದವು. ಮೊದಲ ಭಾನುವಾರ ಆ ಕಂಪ್ಯೂಟರು ಲಿನಕ್ಸ್ ತುಂಬಿದ ಪೆನ್‌ಡ್ರೈವನ್ನು ಗುರುತೇ ಹಿಡಿಯಲಿಲ್ಲ. ಎರಡನೆಯ ಭಾನುವಾರ ಗುರುತು ಹಿಡಿಯಿತು, ಆದರೆ ಅರ್ಧ ದಾರಿಯಲ್ಲಿ ಕರೆಂಟು ಹೋಯಿತು. ಮೂರನೆಯ ಭಾನುವಾರ ಎಲ್ಲ ಸುಸೂತ್ರ, ಆದರೆ ಪಾಸ್‌ವರ್ಡ್ ಕೇಳಿದ ಜಾಗದಲ್ಲಿ ಎಷ್ಟು ಕುಟ್ಟಿದರೂ ತೆರೆಯ ಮೇಲೆ ಒಂದು ಚುಕ್ಕೆಯೂ ಮೂಡಲಿಲ್ಲ. ಕೀಬೋರ್ಡ್ ಸತ್ತಿದೆ ಎಂದು ಬೇರೆ ತಂದ. ಅದೂ ಸತ್ತಿತ್ತು. ಮೂರನೆಯದನ್ನು ತರಲು ಚಪ್ಪಲಿ ಮೆಟ್ಟುವಾಗ, ಬೆಳಿಗ್ಗೆ ಕೇಳಿದ್ದಕ್ಕೆ ಉತ್ತರವಾಗಿ ಅರುಣ್‌ಕುಮಾರನ ಫೋನು ಬಂತು: "ಲಿನಕ್ಸಲ್ಲಿ ಪಾಸ್‌ವರ್ಡ್ ಹೊಡೆದ್ರೆ ಏನೂ ಕಾಣಲ್ಲ ಸಾರ್. ಅದು ಹಾಗೇನೇ."

ನಾಲ್ಕನೆಯ ಭಾನುವಾರ ಕಪ್ಪು ತೆರೆಯ ಮೇಲೆ ಬಿಳಿ ಗೆರೆಯೊಂದು ಮಿಟುಕತೊಡಗಿತು. ವೇಣುಗೋಪಾಲನ ಕಣ್ಣು ತುಂಬಿ ಬಂತು. ಹೆಂಡತಿಯನ್ನು ಕರೆದು ತೋರಿಸಿದ.

"ಇಷ್ಟೇನಾ?" ಎಂದಳು ಗಂಗಾಲಕ್ಷ್ಮಿ. "ಒಂದು ಚಿತ್ರ ಗಿತ್ರನೂ ಇಲ್ಲ."

"ಚಿತ್ರ ಬೇಕಾಗಿರೋದು ಮಕ್ಕಳಿಗೆ ಕಣೇ. ಇದು ಸರ್ವರ್. ಇನ್ಮೇಲೆ ಇದರೊಳಗೆ ಒಂದು ಹುಲ್ಲುಕಡ್ಡಿ ಅಲ್ಲಾಡಬೇಕಾದ್ರೂ ನನ್ನ ಅಪ್ಪಣೆ ಬೇಕು. ನಾನು ಅಡ್ಮಿನಿಸ್ಟ್ರೇಟರ್."

"ಆಯ್ತು ಬಿಡಿ," ಎಂದಳು ಅವಳು. ಮತ್ತೊಂದು 'ಬಿಡಿ'.

ಸರ್ವರನ್ನು ಸಾಮಾನಿನ ಕೋಣೆಯಲ್ಲಿ ಹಲಗೆಯ ಮೇಲೆ ಅಡ್ಡ ಮಲಗಿಸಿ ಪ್ರತಿಷ್ಠಾಪಿಸಿ, ವೇಣುಗೋಪಾಲ್ ಬಾಗಿಲು ಮುಂದೆ ಮಾಡಿಕೊಂಡು ಹೊರಬಂದ. ಅಲ್ಲಿಂದ ಮುಂದೆ ರಾಜ್ಯಭಾರವೆಲ್ಲ ನಡುಮನೆಯ ಸೋಫಾದಿಂದಲೇ. ಕೋಣೆಗೂ ಸೋಫಾಗೂ ನಡುವೆ ಆರು ಹೆಜ್ಜೆ. ಆದರೆ ಗುರುವಾಕ್ಯ ಮೀರುವಂತಿರಲಿಲ್ಲ. ಕುರುಡುಮಲೆ ಗಣಪತಿಯ ಮುಂದೆ ಇಡೀ ಬಳಗ ನಿಂತು ತೆಗೆಸಿಕೊಂಡ ಫೋಟೋದಿಂದ ಹಿಡಿದು ಎಲ್ಲವನ್ನೂ ಅದಕ್ಕೆ ತುಂಬಿದ. ಹನ್ನೊಂದು ಜನ ನೆಂಟರಿಗೆ ಹನ್ನೊಂದು ಪಾಸ್‌ವರ್ಡ್ ಕಳಿಸಿದ. ಯಾರು ಬಂದರು ಎಂದು ದಿನಾ ಪಟ್ಟಿ ತೆಗೆದು ನೋಡಿದ. ತಿಂಗಳು ಕಳೆದರೂ ಪಟ್ಟಿಯಲ್ಲಿ ಒಂದೇ ಹೆಸರು: ವೇಣು, ವೇಣು, ವೇಣು.

ಮುಳಬಾಗಿಲಿನ ತಂಗಿಗೆ ಫೋನು ಮಾಡಿದರೆ, "ಪಾಸ್‌ವರ್ಡೆಲ್ಲ ನೆನಪಿರಲ್ಲ ಅಣ್ಣಾ, ವಾಟ್ಸಾಪಲ್ಲೇ ಹಾಕ್ಬಿಡು," ಎಂದಳು.

ನವೆಂಬರ್ ಕೊನೆಗೆ ಗಂಗಾಲಕ್ಷ್ಮಿ ತೀರ್ಪು ಕೊಟ್ಟಳು. "ನೋಡ್ರೀ, ಆ ಜಾಗ ನಂಗೆ ರಾಗಿ ಡ್ರಮ್ಮಿಗೆ ಬೇಕು. ಭೋಗಿ ಹಬ್ಬದವರೆಗೂ ಟೈಮು. ಅಷ್ಟರೊಳಗೆ ನಿಮ್ಮನ್ನ ಬಿಟ್ಟು ಇನ್ನೊಬ್ಬರು ಯಾರಾದ್ರೂ ಅದನ್ನ ಉಪಯೋಗಿಸಿದ್ರೆ ಇರ್ಲಿ. ಇಲ್ದಿದ್ರೆ ಭೋಗಿ ದಿನ ಹಳೇ ಸಾಮಾನ್ ಜೊತೆ ಅದೂ ಸತ್ತಾರಣ್ಣನ ಗಾಡಿಗೆ."

ಸತ್ತಾರ್ ಪಕ್ಕದ ಮನೆಯವನು, ಗುಜರಿ ಅಂಗಡಿಯವನು. ವರ್ಷವರ್ಷವೂ ಸಂಕ್ರಾಂತಿಯ ಹಿಂದಿನ ದಿನ, ಭೋಗಿಯ ಬೆಳಿಗ್ಗೆ, ಬೀದಿಯ ಹಳೆಯ ಸಾಮಾನೆಲ್ಲ ಅವನ ಲಗೇಜ್ ಆಟೋ ಏರುತ್ತಿತ್ತು.

ವೇಣುಗೋಪಾಲ್ ಹಲ್ಲು ಕಚ್ಚಿದ. ಸರ್ವರ್ ಉಳಿಯಲೇಬೇಕು. ಅದು ಗುಜರಿಗೆ ಹೋದರೆ ಅರುಣ್‌ಕುಮಾರನ ಎದುರು ತಲೆ ಎತ್ತುವುದು ಹೇಗೆ? ನೆಂಟರು ಒಳಗೆ ಬರಬೇಕಾದರೆ ಸರ್ವರಿನ ಆರೋಗ್ಯ ಚೆನ್ನಾಗಿರಬೇಕೆಂದು, ಅದರ ಕಾವು ಏರಿದ ಕೂಡಲೇ ತನ್ನ ಫೋನು ಕೂಗುವಂತೆ ಏರ್ಪಾಡು ಮಾಡಿದ.

ಡಿಸೆಂಬರ್ ಎರಡನೆಯ ವಾರ, ಸಂಜೆ ಏಳೂವರೆಗೆ ಫೋನು ಕೂಗಿತು. ನಲವತ್ತೆರಡು ಡಿಗ್ರಿಯಲ್ಲಿದ್ದ ಕಾವು ಅರವತ್ತಕ್ಕೆ ಏರಿತ್ತು. ಬೆಳಿಗ್ಗೆ ಆರಕ್ಕೆ ತಾನಾಗಿಯೇ ಇಳಿದಿತ್ತು. ಮಾರನೆಯ ದಿನವೂ ಅದೇ ಏಳೂವರೆ, ಅದೇ ಆರು. ಮೂರನೆಯ ದಿನವೂ ಅಷ್ಟೇ. ಕೋಲಾರದಲ್ಲಿ ಹಲ್ಲು ಕಟಕಟ ಎನ್ನುವ ಚಳಿ, ತನ್ನ ಸರ್ವರಿಗೆ ಮಾತ್ರ ದಿನಾ ಸಂಜೆ ಜ್ವರ.

"ಗಂಗಾ, ಯಾರೋ ಒಳಗೆ ನುಗ್ಗಿದಾರೆ."

ಗಂಗಾಲಕ್ಷ್ಮಿ ಬೆಚ್ಚಿ ಹಿತ್ತಿಲ ಬಾಗಿಲ ಕಡೆ ನೋಡಿದಳು.

"ಮನೆಯೊಳಗಲ್ಲ ಕಣೇ, ಸರ್ವರ್ ಒಳಗೆ. ಯಾವುದೋ ದೇಶದ ಕಳ್ಳರು. ಸಂಜೆ ಬಂದು, ರಾತ್ರಿಯೆಲ್ಲ ಅದರ ಕೈಲಿ ಕೆಲಸ ಮಾಡಿಸ್ಕೊಂಡು, ಬೆಳಿಗ್ಗೆ ಹೋಗ್ತಿದಾರೆ."

ಅವಳು ಗಂಡನನ್ನೊಮ್ಮೆ, ಸಾಮಾನಿನ ಕೋಣೆಯ ಬಾಗಿಲನ್ನೊಮ್ಮೆ ನೋಡಿ, ಬಾಯಿಗೆ ಸೆರಗು ಹಿಡಿದು ಅಡುಗೆಮನೆಗೆ ಹೋದಳು. ಪಾಪ, ಹೆದರಿದಳು ಎಂದುಕೊಂಡ.

ಮರುದಿನ ಅರುಣ್‌ಕುಮಾರ್ ಎಲ್ಲ ಕೇಳಿ, "ಒಂದ್ಸಲ ಮಿಷನ್ ಹತ್ರ ಹೋಗಿ ನೋಡಿದ್ರಾ ಸಾರ್?" ಎಂದ.

ವೇಣುಗೋಪಾಲ್ ನಕ್ಕ. "ನನ್ನೇ ಪರೀಕ್ಷೆ ಮಾಡ್ತೀಯಾ?"

ಅಲ್ಲಿಂದ ಮಹಾಯುದ್ಧ ಶುರುವಾಯಿತು. ಪಾಸ್‌ವರ್ಡ್ ದಿನಕ್ಕೊಂದು ಬದಲಾಯಿತು. ಒಂದು ಮಧ್ಯಾಹ್ನ ವೇಮಗಲ್‌ನಲ್ಲಿ ಊಟದ ಬಿಡುವಿನಲ್ಲಿ, ಫೋನಿನಿಂದಲೇ ಕೊನೆಯ ಅಸ್ತ್ರ ಪ್ರಯೋಗಿಸಿದ: ದೂರದಿಂದ ಬರುವ ಯಾರಿಗೂ ಸರ್ವರ್ ಒಳಗೆ ಪ್ರವೇಶವಿಲ್ಲ. ಗುಂಡಿ ಒತ್ತಿದ ಮರುಕ್ಷಣ ಸರ್ವರ್ ಅವನನ್ನೇ ಹೊರದಬ್ಬಿತು. ಅವನೂ ದೂರದಿಂದಲೇ ಬಂದಿದ್ದನಲ್ಲ. ಅರ್ಧ ದಿನ ರಜೆ ಹಾಕಿ ಬಸ್ಸು ಹಿಡಿದು ಬಂದು, ಗುರುವಿನ ಕ್ಷಮೆ ಕೇಳಿ ಸಾಮಾನಿನ ಕೋಣೆಯ ಬಾಗಿಲು ತೆರೆದ.

ಸರ್ವರ್ ತಣ್ಣಗೆ ಉಸಿರಾಡುತ್ತಿತ್ತು. ಪಕ್ಕದಲ್ಲೊಂದು ಹಳೆಯ ಕಂಬಳಿ ಮಡಿಚಿಟ್ಟಿತ್ತು. ಧೂಳು ಬೀಳದಿರಲೆಂದು ಇವಳು ಹೊದಿಸುತ್ತಿದ್ದಾಳಲ್ಲ ಎಂದು ಅವನ ಮನಸ್ಸು ಕರಗಿತು. ಪೆಟ್ಟಿಗೆಯ ಮೇಲೆ ಬಿಳಿಯ ಹನಿಯೊಂದು ಒಣಗಿ ಅಂಟಿತ್ತು. ಹಾಳು ಹಲ್ಲಿ ಎಂದು ಬೈದು ಉಗುರಿನಿಂದ ಕೆರೆದು, ತನ್ನನ್ನು ಮತ್ತೆ ಒಳಗೆ ಬಿಟ್ಟುಕೊಂಡು ಸೋಫಾಗೆ ಮರಳಿದ. ಸಂಜೆ ಏಳೂವರೆಗೆ ಫೋನು ಕೂಗಿತು.

ಭೋಗಿ ಬಂದೇಬಿಟ್ಟಿತು. ಹಿಂದಿನ ಸಂಜೆ ವೇಣುಗೋಪಾಲ್ ಪಟ್ಟಿ ತೆಗೆದು ನೋಡಿದ. ವೇಣು, ವೇಣು, ವೇಣು. ಹೋಗುವುದಾದರೆ ಹೋಗಲಿ, ಆದರೆ ಕಳ್ಳರಿಗೆ ಸೋತು ಹೋಗಬಾರದು. ಏಳಕ್ಕೆ ಸರಿಯಾಗಿ, ಸೋಫಾದ ಮೇಲಿಂದಲೇ ಸರ್ವರನ್ನು ಪೂರ್ತಿ ಆರಿಸಿದ. ಬರುವ ಕಳ್ಳರು ಕತ್ತಲಲ್ಲಿ ತಡಕಾಡಲಿ. ಆ ಸಂಜೆ ಫೋನು ಕೂಗಲಿಲ್ಲ. ತಿಂಗಳ ಮೇಲೆ ಮೊದಲ ಸಲ ಅವನು ಗೊರಕೆ ಹೊಡೆದು ಮಲಗಿದ.

ಬೆಳಿಗ್ಗೆ ಎಬ್ಬಿಸಿದ್ದು ಗಂಗಾಲಕ್ಷ್ಮಿಯ ದನಿ. "ರೀ, ನಿನ್ನೆ ಆ ಪೆಟ್ಟಿಗೇನ ಏನ್ಮಾಡಿದ್ರಿ?"

ಅವಳ ಕೈಯಲ್ಲಿ ಕಂಬಳಿ ಸುತ್ತಿದ ಪಾತ್ರೆ. ಪಾತ್ರೆಯಲ್ಲಿ ತೆಳ್ಳಗೆ ತುಳುಕುವ ಹಾಲು.

"ಆರಿಸ್ದೆ. ಕಳ್ಳರು..."

"ಹಬ್ಬಕ್ಕೆ ನಿಮ್ಮ ತಂಗಿ ಮನೆಯವರೆಲ್ಲ ಬರ್ತಿದಾರೆ, ಒಂದು ತೊಟ್ಟು ಮೊಸರಿಲ್ಲ. ಈ ಚಳೀಲಿ ಇನ್ನೆಲ್ಲಿ ಹೆಪ್ಪಾಗುತ್ತೆ?"

ಅಷ್ಟರಲ್ಲಿ ಸತ್ತಾರನ ಹೆಂಡತಿ ಅಮೀನಾ ಬೀ ಹಿತ್ತಿಲಿಂದ ಬಂದಳು. "ಗಂಗಕ್ಕಾ, ನಮ್ಮ ಚಿಕ್ಕ ಪಾತ್ರೆದೂ ಹಾಗೇ ಇದೆಯಲ್ಲ? ಎದುರುಮನೆಯವರೂ ಕೇಳ್ತಿದಾರೆ."

ವೇಣುಗೋಪಾಲ್ ಎದ್ದು ಕೂತ. ಏಳೂವರೆ, ಆರು, ಕಂಬಳಿ, ಹಲ್ಲಿಯದೆಂದು ಕೆರೆದ ಆ ಬಿಳಿಯ ಹನಿ, ಒಂದೊಂದಾಗಿ ತಲೆಯೊಳಗೆ ಇಳಿದವು. ಹೊರಗೆ ಲಗೇಜ್ ಆಟೋ ನಿಂತ ಸದ್ದಾಯಿತು.

"ವೇಣು ಸಾರ್, ಕಂಪ್ಯೂಟರ್ ತಗೊಂಡು ಹೋಗ್ಲಾ?" ಸತ್ತಾರ್ ಬಾಗಿಲಲ್ಲಿ ನಿಂತಿದ್ದ.

"ಅದನ್ನ ಮುಟ್ಟಿದ್ರೆ ನೋಡಿ," ಎಂದಳು ಅವನ ಹೆಂಡತಿಯೇ.

"ಬೇಡ ಸತ್ತಾರಣ್ಣ," ಎಂದಳು ಗಂಗಾಲಕ್ಷ್ಮಿ. "ಹಳೇ ಫ್ಯಾನ್ ಇದೆ, ಆ ಎರಡು ಕೀಬೋರ್ಡಲ್ಲಿ ಒಂದು ತಗೊಂಡು ಹೋಗಿ. ಸರ್ವರ್ ಇಲ್ಲೇ ಇರುತ್ತೆ."

ಸರ್ವರ್ ಉಳಿಯಿತು. ಎಷ್ಟು ದಿನದಿಂದ ಕಾದಿದ್ದ ಮಾತು ಅದು. ಆದರೂ ವೇಣುಗೋಪಾಲನಿಗೆ ಗೆದ್ದಂತೆ ಅನಿಸಲಿಲ್ಲ.

"ತಿಂಗಳಿಂದ ಒದ್ದಾಡ್ತಿದೀನಿ, ನಂಗೆ ಒಂದು ಮಾತು ಹೇಳಬಾರದಿತ್ತಾ?"

"ಹೇಳಿದ್ರೆ ಅದಕ್ಕೂ ಒಂದು ಪಾಸ್‌ವರ್ಡ್ ಹಾಕ್ತಿದ್ರಿ. ಆರು ಹೆಜ್ಜೆ ನಡೆದು ನೀವು ಬಾಗಿಲು ತೆಗೆದು ನೋಡಬಾರದಿತ್ತಾ?"

ಅಡ್ಮಿನಿಸ್ಟ್ರೇಟರ್ ಎದ್ದು ತನ್ನ ಹಾಸಿಗೆ ಸುತ್ತತೊಡಗಿದ.

ಸಂಕ್ರಾಂತಿ ಕಳೆದ ಮೇಲೆ ಒಂದು ಸಂಜೆ, ಎಂಟು ಗಂಟೆಯಿರಬಹುದು, ಸರ್ವರಿಗೆ ಹೊಸ ಅಪ್‌ಡೇಟ್ ಬಂತು. ಒಮ್ಮೆ ಆರಿಸಿ ಹೊತ್ತಿಸಬೇಕಿತ್ತು. ವೇಣುಗೋಪಾಲ್ ಸೋಫಾದಿಂದ ಎದ್ದು, ಆರು ಹೆಜ್ಜೆ ನಡೆದು, ಸಾಮಾನಿನ ಕೋಣೆಯ ಬಾಗಿಲಲ್ಲಿ ನಿಂತ.

"ಗಂಗಾ, ಒಂದೇ ಒಂದು ನಿಮಿಷ ಆಫ್ ಮಾಡ್ಲಾ?"

ಗಂಗಾಲಕ್ಷ್ಮಿ ಸರ್ವರ್ ಮೇಲೆ ಸಾಲಾಗಿ ಕೂತ ನಾಲ್ಕು ಪಾತ್ರೆಗಳಲ್ಲಿ ಒಂದರ ಮುಚ್ಚಳ ತೆಗೆದು, ಮೆಲ್ಲಗೆ ಓರೆ ಮಾಡಿ ನೋಡಿದಳು.

"ಇನ್ನೂ ಹೆಪ್ಪಾಗಿಲ್ಲ. ಬೆಳಿಗ್ಗೆ ಆರರ ಮೇಲೆ ಕೇಳಿ, ನೋಡೋಣ."

"ಆಯ್ತು," ಎಂದು ವೇಣುಗೋಪಾಲ್ ಬಾಗಿಲು ಮುಂದೆ ಮಾಡಿದ. ಚಳಿ ಒಳಗೆ ಹೋಗದಂತೆ, ನಿಧಾನವಾಗಿ.