ಕಿವುಡು ಬಿಟ್ಟ ಮೈಕು

ಮೈಕು ರಿಪೇರಿ ಮಾಡಿದರೆ ಮನೆಯಲ್ಲಿ ಮೊಸರು ಹೆಪ್ಪುಗಟ್ಟುವುದಿಲ್ಲ ಎಂದು ಯಾರಾದರೂ ಮೊದಲೇ ಹೇಳಿದ್ದರೆ ಶೇಗಾಂವದ ಸುಭಾನ ಬಿದ್ದು ಬಿದ್ದು ನಗುತ್ತಿದ್ದ. ಈಗ ನಗುವ ಸರದಿ ಅವನ ಹೆಂಡತಿ ರಹಿಮಾಳದು.

ಪಡಸಾಲೆಯ ಪಕ್ಕದ ಕೋಣೆಯೇ ಸುಭಾನನ ರೆಕಾರ್ಡಿಂಗ್ ಸ್ಟುಡಿಯೋ. ಸದ್ದು ಹೊರಗೆ ಹೋಗದಿರಲೆಂದು ಮನೆಯಲ್ಲಿ ಹೊದೆಯುವ ಕೌದಿಗಳನ್ನೆಲ್ಲ ಗೋಡೆಗೆ ಮೊಳೆ ಹೊಡೆದು ಬಿಗಿದಿದ್ದ (ಚಳಿಗಾಲದಲ್ಲಿ ಗೋಡೆಗಳು ಬೆಚ್ಚಗಿರುತ್ತಿದ್ದವು, ಮನುಷ್ಯರು ನಡುಗುತ್ತಿದ್ದರು). ಈ ಸಾಮ್ರಾಜ್ಯದ ಪಟ್ಟದಾನೆ ಎಂದರೆ ಮಿರಜಿನ ಮುಚ್ಚಿದ ಸ್ಟುಡಿಯೋದಿಂದ ತಂದ ಒಂದು ಹಳೇ ಮೈಕು. ಅದರ ಹೊಟ್ಟೆಯಲ್ಲೊಂದು ಗಾಜಿನ ವಾಲ್ವು. ಆ ವಾಲ್ವು ಕಾದು, ಮೈಮುರಿದು, ದನಿ ಹಿಡಿಯುವಷ್ಟರಲ್ಲಿ ಒಂದು ಚಹಾ ಮುಗಿಯುತ್ತಿತ್ತು. ಸುಭಾನ ಮರೆಯದಿರಲೆಂದು ಮೈಕು, ರೆಕಾರ್ಡರು ಎರಡನ್ನೂ ಮೊದಲೇ ಚಾಲೂ ಮಾಡಿ, ಅದರ ಮುಂದೆಯೇ ನಿಂತು ಊರವರನ್ನೆಲ್ಲ ಆಡಿಕೊಳ್ಳುತ್ತಿದ್ದ. ಕಾಯುವ ತನಕ ಕಿವುಡಾಗಿರುವ ಮೈಕಿಗೆ ಯಾಕೆ ಅಂಜಬೇಕು? ಅದರ ಕರೆಂಟಿನ ಡಬ್ಬಿಯೂ ಬೆಚ್ಚಗಾಗುತ್ತಿತ್ತು. ಅದರ ಮೇಲೆ ರಹಿಮಾಳ ಮೊಸರಿನ ಗಡಿಗೆ ಕೂರುತ್ತಿತ್ತು.

ಈ ವರ್ಷ ವಾಲ್ವು ಒಗ್ಗರಣೆಯಂತೆ ಚಟಪಟ ಎನ್ನತೊಡಗಿತು. ಅಂಥದ್ದು ಎಲ್ಲಿಯೂ ಸಿಗಲಿಲ್ಲ. ಕೊನೆಗೆ ಸುಭಾನ ಆನ್‌ಲೈನಿನಲ್ಲಿ ಹುಡುಕಿ, ಅದೇ ಜಾಗದಲ್ಲಿ ಕೂರುವ ಹೆಬ್ಬೆರಳಿನಷ್ಟು ಟ್ರಾನ್ಸಿಸ್ಟರ್ ತುಂಡೊಂದನ್ನು ತರಿಸಿದ.

"ಇದು ಕಾಯೂ ಹಂಗಿಲ್ಲ, ಗರಂ ಆಗೂ ಹಂಗಿಲ್ಲ. ಬಟನ್ ಒತ್ತಿದ್ ಕೂಡ್ಲೆ ಕೇಳ್ತೈತಿ!"

"ಗರಂ ಆಗಲಿಲ್ಲಂದ್ರ ನನ್ನ ಮಸರು?"

"ವಿಜ್ಞಾನ ಎಲ್ಲಿಗೋ ಹೊಂಟೈತಿ, ನೀ ಮಸರು ಹಿಡಕೊಂಡು ಕುಂತೀ."

"ಆತು ತಗೋರಿ. ನಾಳಿ ಅನ್ನಕ್ಕ ವಿಜ್ಞಾನಾನ ಕಲಸ್ಕೊಂಡು ಉಣ್ರಿ."

ಮರುದಿನ ಬೆಳುಂಕಿಯ ಭಜನಾ ಮಂಡಳಿಯ ಹಿರಿಯ ಶಂಕರಲಿಂಗ ಹಾಡಲು ಬಂದ. ಅವನು ಮೆಚ್ಚಿದರೆ ಸುತ್ತಲಿನ ಮಂಡಳಿಗಳೆಲ್ಲ ಇಲ್ಲಿಗೇ ಬರುತ್ತವೆ. ಮೆಚ್ಚದಿದ್ದರೆ ಸ್ಟುಡಿಯೋ ಮುಚ್ಚಿ, ಕೌದಿಗಳನ್ನು ಹಾಸಿಗೆಗೆ ಮರಳಿಸಬೇಕು. ಸುಭಾನ ಅವನನ್ನು ಪಡಸಾಲೆಯಲ್ಲಿ ಚಹಾಕ್ಕೆ ಕೂಡಿಸಿ, ಒಳಬಂದು ಎರಡೂ ಬಟನ್ ಒತ್ತಿದ. ಮೈಕು ಹೊಸದಾಗಿತ್ತು, ರೂಢಿ ಹಳೆಯದೇ ಇತ್ತು.

"ಈ ಕಾಕಾನ ದನಿಗೆ ಎಮ್ಮಿ ಹಗ್ಗ ಹರಕೊಂಡು ಓಡ್ತಾವ ನೋಡ," ಎಂದು ಒಳಗಿದ್ದ ಹೆಂಡತಿಯ ಕಿವಿಯಲ್ಲಿ ಉಸುರಿದ.

"ಹಂಗ ಅನಬ್ಯಾಡ್ರಿ. ನಮ್ಮ ಅಬ್ಬಾನೂ ಹೊಲದಾಗ ಹಿಂಗ ಗಂಟಲ ಬಿಚ್ಚಿ ಹಾಡತಿದ್ರು. ಈ ಕಾಕಾನ ದನಿ ಕೇಳಿದ್ರ ತವರಮನಿ ನೆನಪಾಗಿ ಕಣ್ಣಾಗ ನೀರ ಬರ್ತಾವ," ಎಂದಳು ರಹಿಮಾ.

ಚಹಾ ಕುಡಿದು ಒಳಬಂದ ಶಂಕರಲಿಂಗನ ಹಾಡು ಮುಗಿಯಿತು. ಕೊನೆಯ ಚರಣವನ್ನಷ್ಟೇ ಕೇಳಿ ನೋಡಿದ ಸುಭಾನ ಕುಣಿದಾಡಿದ. ಒಂದೂ ಚಟಪಟವಿಲ್ಲ! ಮೊದಲಿನಿಂದ ಕೇಳುವ ತಾಳ್ಮೆ ಯಾರಿಗಿದೆ? ಇದ್ದದ್ದು ಇದ್ದಂತೆ ಶಂಕರಲಿಂಗನ ಮೊಬೈಲಿಗೆ ಕಳಿಸಿಬಿಟ್ಟ.

ಬೆಳಗಾದರೆ ಶಂಕರಲಿಂಗ ಬಾಗಿಲಲ್ಲಿ! ನೇರ ಮೊಬೈಲ್ ಒತ್ತಿದ. "ಎಮ್ಮಿ ಹಗ್ಗ ಹರಕೊಂಡು..." ಎಂದಿತು ಅದು, ಸುಭಾನನದೇ ದನಿಯಲ್ಲಿ.

"ಪೂರಾ ಕೇಳಲಾರ್ದನ ಮಂಡಳಿ ಗ್ರೂಪಿಗೂ ಹಾಕೇನಿ," ಎಂದ ಶಂಕರಲಿಂಗ.

ಸುಭಾನ ಎರಡೂ ಕೈ ಜೋಡಿಸಿದ. "ತಪ್ಪಾತ್ರಿ ಕಾಕಾ..."

"ನಿನ್ನ ಮೈಕ ಭಾಳ ಚಲೋ ಐತಿ. ಪಿಸುಮಾತೂ ಬಿಟ್ಟಿಲ್ಲ." ಮುದುಕ ರಹಿಮಾಳ ಕಡೆ ತಿರುಗಿದ. ಅವನ ಕಣ್ಣು ತುಂಬಿತ್ತು. "ತಂಗಿ, ನಿನ್ನ ಮಾತೂ ಕೇಳೇನಿ. ನಿಮ್ಮ ಅಬ್ಬಾನ ಹೆಸರಿಲೆ ಇನ್ನೊಂದು ಪದಾ ಹಾಡತೀನಿ. ಎಲ್ಲಾ ಮಂಡಳಿಗೂ ಹೇಳತೀನಿ, ಇಲ್ಲೇ ಬರ್ರಿ ಅಂತ. ಆದ್ರ ಮಶೀನ್ ಮುಂದ ನೀನ ಕುಂದ್ರಬೇಕು. ಇಂವ ಚಾ ಮಾಡ್ಲಿ."

ಅಂದಿನಿಂದ ಸ್ಟುಡಿಯೋ ಜೋರಾಗಿ ನಡೆದಿದೆ. ರಹಿಮಾ ಕಿವಿಗೆ ಹೆಡ್‌ಫೋನ್ ಹಾಕಿ ಕೂರುತ್ತಾಳೆ. ಸುಭಾನ ಒಳಗೆ ಚಹಾ ಸೋಸುತ್ತಾನೆ, ಹಾಲು ಕಾಸುತ್ತಾನೆ, ಮೊಸರಿಗೆ ಹೆಪ್ಪು ಹಾಕುತ್ತಾನೆ. ಡಬ್ಬಿ ಬೆಚ್ಚಗಾಗುವುದಿಲ್ಲವಲ್ಲ, ಕೌದಿಗಳೋ ಗೋಡೆಯ ಮೇಲೆ. ಹಾಗಾಗಿ ಅವನಿಗಿದ್ದ ಒಂದೇ ಕಂಬಳಿಯನ್ನು ಗಡಿಗೆಗೆ ಹೊದಿಸಿ, ತಾನು ಮುದುಡಿಕೊಂಡು ಮಲಗುತ್ತಾನೆ. ಮೊಸರು ಮೊದಲಿಗಿಂತ ಗಟ್ಟಿಯಾಗುತ್ತಿದೆ ಎಂದು ಸ್ಟುಡಿಯೋದ ಮಾಲಕಿ ಮೆಚ್ಚಿದ್ದಾಳೆ.