ಇಪ್ಪತ್ತೈದು ಸಂಪುಟಗಳ ಸಂಸಾರ

"ಇವತ್ತಿನಿಂದ ಈ ಮನೆಯಲ್ಲಿ ತಾರೀಖಿಲ್ಲದ ಮಾತಿಗೆ ಪ್ರವೇಶವಿಲ್ಲ!" ಎಂದು ತಾರೀಖಪ್ಪನವರು ಕಾಫಿ ಲೋಟ ಎತ್ತಿ ಹಿಡಿದು ಘೋಷಿಸಿದರು. ಜನನ, ಮರಣ, ವಿವಾಹ ನೋಂದಣಿ ಕಚೇರಿಯ ಈ ಗುಮಾಸ್ತರಿಗೆ ಆ ಹೆಸರಿಟ್ಟವರು ಸಹೋದ್ಯೋಗಿಗಳು. ಇಟ್ಟದ್ದು ಗೇಲಿಗೆ, ಇವರು ಅದನ್ನು ಬಿರುದು ಎಂದುಕೊಂಡಿದ್ದರು.

ಹೆಂಡತಿಯ ಬಾಯಲ್ಲಿ ವರ್ಷಗಳಿಗೆ ಅಂಕಿಯೇ ಇರಲಿಲ್ಲ. "ಸೋಫಾ ಬಂದ ವರ್ಷ", "ನಿಮ್ಮ ತಂಗಿ ಮುನಿಸಿಕೊಂಡು ಹೋದ ತಿಂಗಳು", "ಬಚ್ಚಲ ನಲ್ಲಿ ಕೆಟ್ಟ ವಾರ". ಆಕೆಯ "ಮೊನ್ನೆ ಮೊನ್ನೆ"ಯಂತೂ ನಾಲ್ಕು ದಿನವೂ ಆಗಬಹುದು, ಹದಿನಾಲ್ಕು ವರ್ಷವೂ ಆಗಬಹುದು! ದಿನವಿಡೀ ಕಚೇರಿಯ ಕಿಟಕಿಯಲ್ಲಿ ಇಂಥವರನ್ನೇ ಗದರಿಸಿ ಬರುವ ಮನುಷ್ಯ ಮನೆಯಲ್ಲೂ ಎಷ್ಟೂಂತ ಸಹಿಸಿಯಾರು?

ಅದೇ ಸಮಯಕ್ಕೆ ದಾಖಲೆ ವಿಭಾಗದ ಮುಖ್ಯಸ್ಥರ ಕುರ್ಚಿ ಖಾಲಿಯಾಯಿತು. ತಾರೀಖಪ್ಪನವರಿಗೆ ಅದರ ಮೇಲೆ ಹತ್ತು ವರ್ಷದಿಂದ ಕಣ್ಣು. ಅಧಿಕಾರಿಗಳನ್ನು ಮನೆಗೆ ಕರೆಯಲು ನೆಪ ಬೇಕಿತ್ತು. ಮದುವೆಯ ವಾರ್ಷಿಕೋತ್ಸವ ಹತ್ತಿರ ಬರುತ್ತಿತ್ತು. ಅವರು ದಾಖಲೆ ಕೋಣೆಗೆ ಹೋಗಿ, ವರ್ಷಕ್ಕೊಂದರಂತೆ ಕಟ್ಟಿಟ್ಟ ಸಂಪುಟಗಳನ್ನು, ತಮ್ಮ ಮದುವೆಯ ವರ್ಷದ್ದರಿಂದ ಈ ವರ್ಷದ್ದರವರೆಗೆ, ಬೆರಳಿಟ್ಟು ಎಣಿಸಿದರು. ಇಪ್ಪತ್ತೈದು! ಬೆಳ್ಳಿಹಬ್ಬವೇ!

"ರೀ, ಇಪ್ಪತ್ತೈದು ಹೇಗಾಗುತ್ತೆ? ಮದುವೆಯಾದ ಮರುವರ್ಷ ದೊಡ್ಡವಳು ಹುಟ್ಟಿದ್ದು. ಅವಳಿಗಿನ್ನೂ..."

"ಹೆರಿಗೆ, ಬಾಣಂತನ ಎಲ್ಲ ಪುರಾವೆಯಲ್ಲ! ತಾರೀಖು ಹೇಳು." ಜನನ ನೋಂದಣಿಯ ಗುಮಾಸ್ತರ ಬಾಯಲ್ಲಿ ಬಂದ ಮಾತಿದು!

"ತಾರೀಖೆಲ್ಲ ನನಗೆಲ್ಲಿ ನೆನಪಿರುತ್ತೆ?"

"ಹಾಗಾದ್ರೆ ಸುಮ್ಮನಿರು."

ಆಕೆ ಸುಮ್ಮನಾದಳು. ಹೆಂಡತಿ ಒಂದೇ ಮಾತಿಗೆ ಸುಮ್ಮನಾದರೆ ಯಾವ ಗಂಡನಿಗಾದರೂ ಎದೆ ಧಸಕ್ಕೆನ್ನಬೇಕು. ತಾರೀಖಪ್ಪನವರು ಗೆದ್ದೆ ಎಂದುಕೊಂಡರು.

ಅರವತ್ತು ಜನ ಬಂದರು. ಕೇಕಿನ ಮೇಲೆ ಅಂಗೈಯಗಲದ ಇಪ್ಪತ್ತೈದು. "ನನ್ನ ಲೆಕ್ಕದಲ್ಲಿ ಒಂದು ದಿನ ಆಚೀಚೆ ಆದದ್ದಿಲ್ಲ" ಎಂದು ತಾರೀಖಪ್ಪನವರು ಪುಟ್ಟ ಭಾಷಣವನ್ನೂ ಬಿಗಿದರು. ಆಗ ಅಧಿಕಾರಿಗಳು ಎದ್ದು ಉಡುಗೊರೆಯ ಕಾಗದ ಬಿಚ್ಚಿದರು. ಒಳಗೆ ದಂಪತಿಗಳದೇ ವಿವಾಹ ನೋಂದಣಿಯ ನಕಲು, ಕಟ್ಟು ಹಾಕಿಸಿ ತಂದಿದ್ದರು! ಎಲ್ಲರೂ ಚಪ್ಪಾಳೆ ತಟ್ಟಿದರು. ಅಧಿಕಾರಿಗಳು ಗಟ್ಟಿಯಾಗಿ ಓದತೊಡಗಿದವರು ತಾರೀಖಿನ ಹತ್ತಿರ ನಿಂತರು. ಬೆರಳು ಮಡಿಸಿದರು, ಮತ್ತೆ ಬಿಡಿಸಿದರು.

"ಏನ್ರೀ, ಇಪ್ಪತ್ನಾಲ್ಕೇ ಆಗುತ್ತಲ್ಲ? ಬರೆದವನು ತಪ್ಪು ಬರೆದನೋ ಏನೋ. ಯಾವನ್ರೀ ಅವನು?"

ತಾರೀಖಪ್ಪನವರು ಬಗ್ಗಿ ನೋಡಿದರು. ಮುತ್ತಿನಂಥ ಅಕ್ಷರ. ಅವರದೇ! ಮದುವೆಯ ವರ್ಷದ ಸಂಪುಟವನ್ನೂ ಕಳೆದ ಒಂದು ವರ್ಷವೆಂದು ಎಣಿಸಿಬಿಟ್ಟದ್ದು ಆಗ ಹೊಳೆಯಿತು.

"ಹಾಗಾದ್ರೆ ತಪ್ಪಿದ್ದು ಯಾವುದು?" ಎಂದು ಅಧಿಕಾರಿಗಳು ಕೇಳಿದರು. "ದಾಖಲೆಯೋ, ಈ ಊಟವೋ?"

"ಊಟ, ಸಾರ್."

ಅರವತ್ತು ಜನ ಒಟ್ಟಿಗೆ ನಕ್ಕರು. ಸಾಲದ್ದಕ್ಕೆ ದೊಡ್ಡವಳು ಚಾಕುವಿನಿಂದ ಕೇಕಿನ ಮೇಲಿನ ಐದನ್ನು ಕೆರೆದು ನಾಲ್ಕು ಮಾಡಹೊರಟಳು. ತಾರೀಖಪ್ಪನವರಿಗೆ ಭೂಮಿ ಬಾಯಿಬಿಟ್ಟರೆ ಸಾಕು ಎನ್ನಿಸಿತು.

ಅತಿಥಿಗಳು ಹೋದ ಮೇಲೆ ಅವರು ಹೆಂಡತಿಯ ಮೇಲೆ ಹರಿಹಾಯ್ದರು. "ನಿನಗೆ ಮೊದಲೇ ಗೊತ್ತಿತ್ತು!"

"ಗೊತ್ತಿತ್ತು. ಪುರಾವೆ ಇರಲಿಲ್ಲ" ಎಂದು ಆಕೆ ಪಾತ್ರೆ ತೊಳೆಯಲು ಹೋದಳು.

ಕುರ್ಚಿ ಪಕ್ಕದ ಮೇಜಿನವನ ಪಾಲಾಯಿತು. ತಾರೀಖಪ್ಪನವರಿಗೆ ನಿಜಕ್ಕೂ ನೋವಾಯಿತು. ಎರಡು ದಿನ ಯಾರನ್ನೂ ಗದರಿಸಲಿಲ್ಲ. ಮೂರನೆಯ ದಿನ ಕಿಟಕಿಗೆ ಒಬ್ಬ ಮುದುಕಿ ಬಂದಳು. ಮೊಮ್ಮಗ ಮನೆಯಲ್ಲೇ ಹುಟ್ಟಿದ್ದನಂತೆ, ಹೆಸರು ಬರೆಸಬೇಕಿತ್ತು.

"ಯಾವತ್ತು ಹುಟ್ಟಿದ್ದು? ಸರಿಯಾಗಿ ತಾರೀಖು ಹೇಳಮ್ಮ."

"ತಾರೀಖು ಗೊತ್ತಿಲ್ಲಪ್ಪ. ಯಾರೋ ಒಬ್ರು ಮದುವೆಯಾಗಿ ಎಷ್ಟು ವರ್ಷ ಆಯ್ತು ಅಂತಾನೇ ತಿಳೀದೆ ಅರವತ್ತು ಜನಕ್ಕೆ ಊಟ ಹಾಕಿದ್ರಂತಲ್ಲ? ಅದರ ಮಾರನೇ ದಿನ ಬೆಳಿಗ್ಗೆ."

ತಾರೀಖಪ್ಪನವರು ತಲೆಯೆತ್ತಲಿಲ್ಲ. ಇನ್ನೊಂದು ಪ್ರಶ್ನೆ ಕೇಳಲಿಲ್ಲ. ತಿಂಗಳು, ದಿನ, ವರ್ಷ ಎಲ್ಲವನ್ನೂ ಮುತ್ತಿನಂಥ ಅಕ್ಷರದಲ್ಲಿ ಬರೆದುಕೊಂಡರು. ಒಂದು ದಿನವೂ ತಪ್ಪಲಿಲ್ಲ!